ಹೆಂಗಸರ ಪ್ರತಿ

ಮೂಡಬಿದ್ರೆಯ ನಮ್ಮ ಓದುಗರ ಕೂಟಕ್ಕೆ ಪ್ರತಿ ಹೊಸ ಪುಸ್ತಕದ ಎರಡು ಪ್ರತಿ ಬರುತ್ತಿದ್ದವು. ಒಂದು ಗಂಡಸರಿಗೆ. ಇನ್ನೊಂದರ ಮೊದಲ ಪುಟದಲ್ಲಿ ಹಸುರು ಶಾಯಿಯಿಂದ ‘ಹೆಂಗಸರ ಪ್ರತಿ’ ಎಂದು ಬರೆದಿರುತ್ತಿತ್ತು. ಬರೆಯುವವರು ಕೂಟದ ಕಾರ್ಯದರ್ಶಿ ಅಭಯಚಂದ್ರರು. ಗಂಡಸರ ಪ್ರತಿಯನ್ನು ಮೊದಲು ತಾವು ಓದಿ, ಹೆಂಗಸರ ಕಣ್ಣಿಗೆ ಬೀಳಬಾರದ ಪುಟಗಳ ಪಟ್ಟಿ ಮಾಡಿ, ಬಂಟ್ವಾಳ ಪೇಟೆಯ ಪುಸ್ತಕದಂಗಡಿಯ ಲೋಕಯ್ಯನಿಗೆ ಕಳಿಸುತ್ತಿದ್ದರು. ಲೋಕಯ್ಯ ಬ್ಲೇಡಿನಿಂದ ಆ ಹಾಳೆಗಳನ್ನು ತೆಗೆದು ಉಳಿದದ್ದನ್ನು ನಮಗೆ ಕಳಿಸುತ್ತಿದ್ದ. ನಾವು ಹನ್ನೊಂದು ಹೆಂಗಸರು ಆ ಉಳಿದದ್ದನ್ನು ಓದಿ, ಭಾನುವಾರ ಒಟ್ಟು ಸೇರಿ, ಬಹಳ ಸೊಗಸಾಗಿದೆ ಎಂದು ತಲೆಯಾಡಿಸುತ್ತಿದ್ದೆವು. ನಾನೂ ಆಡಿಸಿದ್ದೇನೆ, ನಾಲ್ಕು ವರ್ಷ. ಅದೂ ಶಾಲೆಯಲ್ಲಿ ಮಕ್ಕಳಿಗೆ ಓದು ಕಲಿಸುವ ಟೀಚರು. ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಸಾವಿರದ ಒಂಬೈನೂರ ಅರುವತ್ತೊಂದು. ಮಳೆಗಾಲದಲ್ಲಿ ಹೆಣ್ಣುಮಕ್ಕಳು ತವರಿಗೆ ಬರುವ ಆಟಿ ತಿಂಗಳಿಗೆಂದು ಬಂದ ನನ್ನ ತಂಗಿ ಪ್ರಭಾವತಿ, ಅದರ ಮುಂದಿನ ಸೋಣ ತಿಂಗಳು ಮುಗಿದರೂ ಗಂಡನ ಮನೆಗೆ ಹೊರಡಲಿಲ್ಲ. ಗಂಡ ವಿಜಯರಾಜನಿಗೆ ಬೆಳ್ತಂಗಡಿಯಲ್ಲಿ ಜವಳಿ ಅಂಗಡಿ. ನಯವಾದ ಮಾತು, ಇಸ್ತ್ರಿ ಹಾಕಿದ ಅಂಗಿ. ಅವನ ಸೊಂಟದ ಬೆಲ್ಟಿನ ಕೊಕ್ಕೆ ಎಷ್ಟು ಅಗಲವೆಂದು ನನಗೆ ಗೊತ್ತು. ತಂಗಿ ತನ್ನ ಬೆನ್ನನ್ನು ನನಗೊಬ್ಬಳಿಗೆ ತೋರಿಸಿದ್ದಳು.

ನಮ್ಮದು ಅಳಿಯಸಂತಾನದ ಮನೆ. ಮನೆ ಹೆಣ್ಣಿನದು ಎನ್ನುತ್ತಾರೆ. ಚಾವಡಿಯಲ್ಲಿ ಕುಳಿತು ಮಾತಾಡುವವರು ಮಾತ್ರ ಗಂಡಸರು. ಯಜಮಾನರಾದ ನಮ್ಮ ಭುಜಬಲಿ ಮಾಮ ತೀರ್ಮಾನ ಮಾಡಿಯಾಗಿತ್ತು: ಸೋಮವಾರ ಅಭಯಚಂದ್ರರು ವಿಜಯರಾಜನನ್ನು ಕರೆದುಕೊಂಡು ಬಂದು ರಾಜಿ ಮಾಡಿಸುತ್ತಾರೆ, ಅದೇ ದಿನ ಅವಳನ್ನು ಕಳಿಸುವುದು. ಊರಿನ ಸಂಸಾರಗಳನ್ನು ಸರಿಪಡಿಸುವ ಗುತ್ತಿಗೆಯೂ ಅಭಯಚಂದ್ರರದೇ.

ಆ ವಾರ ಪ್ರಭಾವತಿ ಕೂಟದ ಒಂದು ಹಳೆಯ ಕಾದಂಬರಿ ಓದುತ್ತಿದ್ದಳು. ಅದರಲ್ಲೂ ಹೊಡೆಯುವ ಗಂಡ. ನೂರ ಹನ್ನೆರಡನೆಯ ಪುಟದಲ್ಲಿ ಹೆಂಡತಿ ಅಡುಗೆಮನೆಯಲ್ಲಿ ಕುಳಿತು ಅಳುತ್ತಿದ್ದಾಳೆ. ಮುಂದಿನ ಎಂಟು ಹಾಳೆ ಇಲ್ಲ. ನೂರ ಇಪ್ಪತ್ತೊಂಬತ್ತರಲ್ಲಿ ಬೇರೊಂದು ಊರಿನಲ್ಲಿ ಮಗ್ಗದ ಮುಂದೆ ಕುಳಿತಿದ್ದಾಳೆ.

“ಅಕ್ಕಾ, ಇವಳು ಏನು ಹೇಳಿ ಹೊರಟಳು?” ಎಂದು ಕೇಳಿದಳು.

“ಕತೆ ಅಲ್ವಾ ಮಾರಾಯ್ತಿ.”

“ನನಗೆ ಸೋಮವಾರ ಏನಾದ್ರೂ ಹೇಳ್ಲಿಕ್ಕುಂಟಲ್ಲ. ಅವರನ್ನು ಕಂಡರೆ ನಾಲಗೆಯೇ ಏಳುವುದಿಲ್ಲ. ಇವಳು ಏನು ಹೇಳಿದಳೂಂತ ಗೊತ್ತಾದ್ರೆ ಸಾಕಿತ್ತು.”

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವಳೇ ಸಿದ್ಧಕಟ್ಟೆಯ ದಾರಿಯ ಬಸ್ಸು ಹಿಡಿದು ಬಂಟ್ವಾಳಕ್ಕೆ ಹೋದೆ. ಪುಸ್ತಕದಂಗಡಿಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಸ್ಲೇಟು, ಪಂಚಾಂಗ, ನೋಟುಪುಸ್ತಕಗಳ ಹಿಂದೆ ಎರಡು ಗೋಡೆ ತುಂಬ ಪುಸ್ತಕ! ನಾವು ಹೆಸರೂ ಕೇಳದವು, ಯಾವ ಪಟ್ಟಿಯಲ್ಲೂ ಬಾರದವು. ಹೊಲಿಗೆ ಬಿಗಿಯಾಗಿದ್ದ ಒಂದನ್ನು ತೆಗೆದು ಮೂಗಿಗೆ ಹಿಡಿದೆ. ಒಂದೂ ಪುಟ ತಪ್ಪದ ಪುಸ್ತಕ ಕೈಯಲ್ಲಿ ತೂಕವಾಗಿಯೇ ಇರುತ್ತದೆ.

ನಮ್ಮ ಶಾಲೆಗೆ ಸ್ಲೇಟು, ಪುಸ್ತಕ ತಂದುಕೊಡುತ್ತಿದ್ದ ಲೋಕಯ್ಯ ನನ್ನ ಗುರುತು ಹಿಡಿದು ಕುರ್ಚಿಯಿಂದ ಎದ್ದು ನಿಂತ. “ಟೀಚರು ಇಷ್ಟು ದೂರ? ಹೇಳಿ ಕಳಿಸಿದ್ರೆ ಸಾಕಿತ್ತಲ್ಲ.”

ಕಾದಂಬರಿಯ ಹೆಸರು ಹೇಳಿ, “ಇಡೀ ಪುಸ್ತಕ ಬೇಕು, ಲೋಕಯ್ಯಣ್ಣ,” ಎಂದೆ.

“ಅದು ಖರ್ಚಾಯ್ತು. ಭಕ್ತಿಯದ್ದು ಬಂದದ್ದುಂಟು, ಕೊಡ್ಲಾ? ಹೆಂಗಸರು ಒಳ್ಳೆ ತಗೊಳ್ತಾರೆ.”

ಆಗ ವಕೀಲರ ಗುಮಾಸ್ತನೊಬ್ಬ ಕೊಡೆ ಮಡಚುತ್ತ ಮೆಟ್ಟಿಲು ಹತ್ತಿ ಬಂದ. ಕಪಾಟಿನ ಮರೆಯಲ್ಲಿದ್ದ ನಾನು ಅವನಿಗೆ ಕಾಣಲಿಲ್ಲ. ಪೇಪರಿನಲ್ಲಿ ಸುತ್ತಿದ ದಪ್ಪ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, “ತಗೊಳ್ಳಿ ಮಾರಾಯ್ರೆ, ನಿಮ್ಮ ಹೆಂಗಸರದ್ದು! ಹೊಸ ಹಾಳೆ ಸೇರಿಸ್ಲಿಲ್ವಾ ಈ ತಿಂಗಳು? ಹಳತೆಲ್ಲ ಬಾಯಿಪಾಠ ಆಯ್ತು,” ಎಂದು ನಕ್ಕ. ಲೋಕಯ್ಯ ಕಣ್ಣು ಮಿಟುಕಿಸಿದ, ಕೆಮ್ಮಿದ. ಗುಮಾಸ್ತ ನನ್ನನ್ನು ನೋಡಿದ್ದೇ ಕೊಡೆ ಬಿಡಿಸದೆ ಮಳೆಗೆ ಇಳಿದ.

ಲೋಕಯ್ಯನ ಕೈಗಿಂತ ಮೊದಲು ನನ್ನ ಕೈ ಮೇಜಿಗೆ ತಲುಪಿತು.

ನಮ್ಮಿಂದ ಕತ್ತರಿಸಿ ತೆಗೆದ ಹಾಳೆಗಳೆಲ್ಲ ಅಲ್ಲಿದ್ದವು. ನಾಲ್ಕು ವರ್ಷದವು, ಚಂದದ ಬೈಂಡು ಹಾಕಿ. ನಶ್ಯದ ಕಲೆ, ಎಣ್ಣೆಬೆರಳಿನ ಗುರುತು, ಎಲೆಯಡಿಕೆ ತಿಂದು ನೆಕ್ಕಿದ ಬೆರಳಿನ ಕೆಂಪು. ಅಷ್ಟು ಆಸೆಪಟ್ಟು ಓದಿದ್ದಾದರೂ ಏನನ್ನು? ಹೆರಿಗೆನೋವಿನಲ್ಲಿ ಕೂಗುವ ಹೆಂಗಸು. ಮಗು ಸತ್ತು ಎದೆಹಾಲು ಹಿಂಡಿ ಚೆಲ್ಲುವ ತಾಯಿ. ಅಂಥ ಸಾಲುಗಳ ಅಡಿಯಲ್ಲಿ ಗೆರೆ, ಪಕ್ಕದಲ್ಲಿ ಒಬ್ಬೊಬ್ಬರ ಕೈಯ ಒಂದೊಂದು ಪೋಲಿ ಒಕ್ಕಣೆ. ಎಲ್ಲಕ್ಕಿಂತ ಹೆಚ್ಚು ಒಕ್ಕಣೆ ಹಸುರು ಶಾಯಿಯದು. ನಮ್ಮ ಶೀಲ ಕಾಯುತ್ತಿದ್ದ ಆ ದುಂಡು ಅಕ್ಷರ ನನಗೆ ಗೊತ್ತಿಲ್ಲವೆ!

“ಅದು ಮಾರಾಟಕ್ಕಲ್ಲ ಟೀಚರೇ,” ಲೋಕಯ್ಯ ಅಂಗಲಾಚಿದ. “ದೊಡ್ಡವರು ಹೇಳಿದ್ದು, ನಾನು ಕಟ್ಟಿಸಿದ್ದು. ಸಣ್ಣ ಅಂಗಡಿ ನನ್ನದು.”

ನೂರ ಹದಿಮೂರರಿಂದ ನೂರ ಇಪ್ಪತ್ತೆಂಟರವರೆಗಿನ ಹಾಳೆ ಹುಡುಕಿ, ಹಿಡಿದು ಎಳೆದೆ. ದಾರ ಪರ್ರೆಂದಿತು.

“ಅಯ್ಯೋ! ಟೀಚರಾಗಿ ಪುಸ್ತಕ ಹರಿಯುವುದಾ?”

“ನೀವು ಹರಿದದ್ದನ್ನು ವಾಪಸ್ ತಗೊಂಡು ಹೋಗ್ತಾ ಇದ್ದೇನೆ,” ಎಂದು ಹೊರಬಿದ್ದೆ.

ಆ ಸಂಜೆ ಪ್ರಭಾವತಿ ಎಂಟು ಹಾಳೆಯನ್ನೂ ಓದಿದಳು. ಪಕ್ಕದ ಒಕ್ಕಣೆಗಳನ್ನೂ ಓದಿದಳು.

“ಇವಳು ಏನೂ ಹೇಳಲೇ ಇಲ್ಲ ಅಕ್ಕಾ. ನೆರೆಮನೆಯ ಅಜ್ಜಿಗೆ ಬೆನ್ನು ತೋರಿಸ್ತಾಳೆ, ಸೀರೆ ಗಂಟು ಕಟ್ತಾಳೆ, ಹೋಗ್ತಾಳೆ. ನನಗೆ ಹೇಳ್ಲಿಕ್ಕೆ ಮಾತೇ ಸಿಕ್ಕಲಿಲ್ಲ.” ಮತ್ತೆ ಹಾಳೆಗಳನ್ನು ಮಡಚುತ್ತ, “ಓದ್ಲಿಕ್ಕಂತೂ ಬರ್ತದಲ್ಲ,” ಎಂದಳು.

ಸೋಮವಾರ ಚಾವಡಿಯಲ್ಲಿ ಬೊಂಡ ಕೆತ್ತಿಸಿ ಎಳನೀರು ಕುಡಿದು ಬಾಯಿ ಒರೆಸಿಕೊಂಡು ಅಭಯಚಂದ್ರರು ಶುರು ಮಾಡಿದರು. “ಗಂಡ ಹೆಂಡತಿ ಅಂದ ಮೇಲೆ ಒಂದು ಮಾತು ಬರ್ತದೆ, ಹೋಗ್ತದೆ. ಅದನ್ನೆಲ್ಲ ಹಿಡ್ಕೊಂಡು ಕೂತರೆ ಸಂಸಾರ ಉಂಟಾ ಮಗಾ? ಹೊರಡುವ, ಆಯ್ತಾ?” ವಿಜಯರಾಜ ಒಳ್ಳೆಯ ಹುಡುಗನಂತೆ ತಲೆ ತಗ್ಗಿಸಿ ಕುಳಿತಿದ್ದ.

“ಹೇಳುವುದಿದ್ದರೆ ಈಗಲೇ ಹೇಳು,” ಎಂದರು ಮಾಮ. “ಆಮೇಲೆ ಗೋಳು ಬೇಡ.”

“ಓದಿ ಹೇಳ್ತೇನೆ ಮಾಮ.” ಪ್ರಭಾವತಿ ಹಾಳೆ ಬಿಡಿಸಿದಳು. ಎಲ್ಲರಿಗೂ ಕೇಳಿಸುವಂತೆ ಓದಿದಳು: “ಬಾವಿಕಟ್ಟೆಯ ಹತ್ತಿರ ನಿಂತು ಅವಳು ಸೆರಗು ಜಾರಿಸಿ ಮುದುಕಿಗೆ ತನ್ನ ಬೆನ್ನು ತೋರಿಸಿದಳು.”

ಅಲ್ಲಿಗೆ ನಿಲ್ಲಿಸಿ ಉಸಿರು ತೆಗೆದುಕೊಂಡಳು. ಅಷ್ಟರಲ್ಲಿ ವಿಜಯರಾಜ ಕಿಸಕ್ಕನೆ ನಕ್ಕ. ತಡೆಯಲಾಗದೆ ಬಂದ ನಗು. ಬಾಯಿಗೆ ಕೈ ಒತ್ತಿದರೂ ಭುಜ ಕುಲುಕುತ್ತಿತ್ತು.

ಪ್ರಭಾವತಿ ತಲೆಯೆತ್ತಿದಳು. “ಪಕ್ಕದಲ್ಲಿ ಬರೆದದ್ದನ್ನು ನಾನು ಇನ್ನೂ ಓದಲೇ ಇಲ್ಲ. ನಿಮಗೆ ನಗು ಎಲ್ಲಿಂದ ಬಂತು?”

ಅಭಯಚಂದ್ರರು ಶಾಲು ಸರಿಪಡಿಸಿಕೊಳ್ಳುತ್ತ, “ಇಂಥದ್ದೆಲ್ಲ ಮನೆಯೊಳಗೆ ಯಾಕೆ, ಕೊಡು ಇಲ್ಲಿ,” ಎಂದು ಕೈ ಚಾಚಿದರು. ಅವಳು ಹಾಳೆಯನ್ನು ಮಾಮನಿಗೆ ಕೊಟ್ಟಳು.

ಮಾಮ ಕನ್ನಡಕ ಹಾಕಿ, ಪಕ್ಕದ ಹಸುರು ಶಾಯಿಯ ಒಕ್ಕಣೆಯನ್ನು ಮಕ್ಕಳು ಓದುವ ಹಾಗೆ ಒಂದೊಂದೇ ಪದ ಬಿಡಿಸಿ ಓದಿದರು: “ಬೆನ್ನು... ಮಾತ್ರ... ಯಾಕೆ?... ತಿರುಗಿ... ನಿಲ್ಲಲಿ.” ಮುಗಿದ ಮೇಲೆ ಹಾಳೆಯನ್ನು ಚಾಪೆಯ ಮೇಲಿಟ್ಟು ಬೆರಳುಗಳನ್ನು ಪಂಚೆಗೆ ಒರೆಸಿಕೊಂಡರು. ಅಭಯಚಂದ್ರರ ಮುಖ ನೋಡಲಿಲ್ಲ. ವಿಜಯರಾಜನ ಮುಖವನ್ನೂ ನೋಡಲಿಲ್ಲ. “ಬೆಳ್ತಂಗಡಿ ಬಸ್ಸು ಎಷ್ಟು ಗಂಟೆಗೆ?” ಎಂದು ಗೋಡೆಗೆ ಕೇಳಿದಂತೆ ಕೇಳಿದರು.

“ಮೂರಕ್ಕುಂಟು,” ಎಂದ ವಿಜಯರಾಜ. “ಇವಳ ಪೆಟ್ಟಿಗೆ—”

“ನಾನು ಬರುವುದಿಲ್ಲ,” ಎಂದಳು ಪ್ರಭಾವತಿ. ಚಾಪೆಯ ಮೇಲಿದ್ದ ಹಾಳೆಯನ್ನು ಎತ್ತಿಕೊಂಡು, ಬಂದವರಿಬ್ಬರೂ ಚಪ್ಪಲಿ ಹುಡುಕುತ್ತಿದ್ದಂತೆಯೇ, ನಿಲ್ಲಿಸಿದ ಸಾಲಿನ ಮುಂದಿನಿಂದ ಗಟ್ಟಿಯಾಗಿ ಓದತೊಡಗಿದಳು.