ಶುಕ್ರವಾರದ ಸಂತೆಯ ಕರಿ ಅಬಾಯಾ

ಅಂಗಡಿಯವನು ಮಾಟಗಾತಿ ವೇಷಕ್ಕೆ ಹೇಳಿದ ಬೆಲೆ ಕೇಳಿ ಲೊರೈನ್ ಮಗಳ ಕೈ ಹಿಡಿದುಕೊಂಡು ಹೊರಗೆ ಬಂದಿದ್ದಳು. ಒಂದು ಸಂಜೆ ಹಾಕಿ ಬಿಸಾಡುವ ಬಟ್ಟೆಗೆ ಅಷ್ಟು ಸುರಿಯಲು ತನ್ನಿಂದಾಗದು ಎಂದಳು. ಪರ್ಲ್ ಕಾರಿನಲ್ಲಿ ಅತ್ತಳು, ಮನೆಗೆ ಬಂದು ಊಟ ಬಿಟ್ಟಳು. ಹ್ಯಾಲೊವೀನ್ ದಿನ ಕಟ್ಟಡದ ಮಕ್ಕಳೆಲ್ಲ ವೇಷ ಹಾಕಿ ಬಾಗಿಲು ಬಾಗಿಲಿಗೆ ಹೋಗಿ ಚಾಕಲೇಟು ಕೇಳುತ್ತಾರಂತೆ. ಮೊಮ್ಮಗಳ ಮೋರೆ ನೋಡಲಾಗದೆ ಬೆನೆಡಿಕ್ಟಾ ಬಾಯಿ, ತಾನೇ ಹೊಲಿದುಕೊಡುತ್ತೇನೆ ಎಂದು ಒಪ್ಪಿಕೊಂಡರು.

ಲೊರೈನ್ ಕೊಲ್ಲಿ ದೇಶದ ಜಾಬ್ರಿಯಾ ಎಂಬಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಅವಳು ಡ್ಯೂಟಿಗೆ, ಪರ್ಲ್ ಶಾಲೆಗೆ ಹೋದ ಮೇಲೆ ಕಿನ್ನಿಗೋಳಿಯಿಂದ ಬಂದ ಈ ಮುದುಕಿಗೆ ತಟ್ಟಲು ಇದ್ದದ್ದು ಒಂದೇ ಬಾಗಿಲು, ಎದುರು ಫ್ಲ್ಯಾಟಿನ ಮೈಮುನಾಳದ್ದು. ಮೈಮುನಾ ಉಳ್ಳಾಲದ ಬ್ಯಾರಿ ಮುಸ್ಲಿಂ ಹುಡುಗಿ. ಇಬ್ಬರೂ ತುಳುವಿನಲ್ಲಿ ಹರಟುತ್ತ ಚಾ ಕುಡಿದರೆ ಅರ್ಧ ಹಗಲು ಕಳೆಯುತ್ತಿತ್ತು. ಹಳೆ ಬಟ್ಟೆ ಎಲ್ಲಿ ಸಿಗುತ್ತದೆ ಎಂದು ಕೇಳಿದಾಗ, ರಾಯ್ ಎಂಬ ಕಡೆ ನಡೆಯುವ ಶುಕ್ರವಾರದ ಸಂತೆಗೆ ಗಂಡ ಬೀರಾನನ ಕಾರಿನಲ್ಲಿ ಕರೆದೊಯ್ದವಳೂ ಅವಳೇ. ಬಟ್ಟೆ ಯಾಕೆ ಎಂದು ಅವಳು ಕೇಳಲಿಲ್ಲ, ಇವರು ಹೇಳಲಿಲ್ಲ.

ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಮೇಲೆ ಯಾರ್ಯಾರದೋ ಕೋಟು, ಪರದೆ, ಚಪ್ಪಲಿಗಳ ರಾಶಿ. ಅದರೊಳಗಿಂದ ಬೆನೆಡಿಕ್ಟಾ ಬಾಯಿ ಒಂದು ಕರಿ ಅಬಾಯಾ ಎಳೆದು ತೆಗೆದರು. ಊರಲ್ಲಿ ಬುರ್ಖಾ ಎನ್ನುತ್ತೇವಲ್ಲ, ಅದೇ. ನುಣ್ಣಗಿನ ಬಟ್ಟೆ, ತೋಳಿನ ಹೊಲಿಗೆ ಮಾತ್ರ ಬಿಟ್ಟಿತ್ತು. ಅಂಚನ್ನು ಮೂಲೆ ಮೂಲೆಯಾಗಿ ಕತ್ತರಿಸಿದರೆ ಬಾವಲಿ ರೆಕ್ಕೆಯೇ, ಎಂದುಕೊಂಡರು.

ಅಷ್ಟರಲ್ಲಿ ಮೈಮುನಾ ಹತ್ತಿರ ಬಂದಳು. ಅವಳ ಮುಖ ಅರಳಿತು.

"ನಿಮಗಾ ಬಾಯಮ್ಮ? ಒಳ್ಳೆದಾಯ್ತು ಮಾರಾಯ್ರೇ. ಇನ್ನು ನೈಟಿ ಮೇಲೆ ಶಾಲು ಸುತ್ತಿಕೊಂಡು ಹಾಲು ತರ್ಲಿಕ್ಕೆ ಓಡುದು ಬೇಡ. ಇದೊಂದು ಹಾಕಿದ್ರೆ ಒಳಗೆ ಎಂತ ಉಂಟೂಂತ ಯಾರು ನೋಡ್ತಾರೆ?"

ಮಾಟಗಾತಿ ಎಂಬ ಮಾತು ಬೆನೆಡಿಕ್ಟಾ ಬಾಯಿಯ ನಾಲಗೆಯ ತುದಿಗೆ ಬಂದಿತ್ತು. ಎದುರಿಗೆ ಅಂಥದೇ ಬಟ್ಟೆ ತೊಟ್ಟು ನಗುತ್ತ ನಿಂತವಳಿಗೆ ಅದನ್ನು ಹೇಳುವುದು ಹೇಗೆ? "ಹೂಂ" ಎಂದುಬಿಟ್ಟರು.

ಮೈಮುನಾ ಅರ್ಧ ಅರಬ್ಬಿ, ಅರ್ಧ ಹಿಂದಿಯಲ್ಲಿ ಚೌಕಾಸಿ ಮಾಡಿದಳು. ಮನೆಗೆ ಬಂದ ಮೇಲೂ ಬಿಡಲಿಲ್ಲ. ತಾನೇ ಒಯ್ದು ಒಗೆದು, ತೋಳಿಗೆ ಹೊಲಿಗೆ ಹಾಕಿ, ಇಸ್ತ್ರಿ ಮಾಡಿ ತಂದುಕೊಟ್ಟಳು. ಆಗಲಾದರೂ ಹೇಳಬಹುದಿತ್ತು. ಮರುದಿನ ಬೆನೆಡಿಕ್ಟಾ ಬಾಯಿ ಬಾಗಿಲು ಹಾಕಿಕೊಂಡು ಕತ್ತರಿ ಹಿಡಿದರು. ಮಿಕ್ಕ ತುಂಡನ್ನು ರಟ್ಟಿಗೆ ಅಂಟಿಸಿ ಚೂಪು ಟೊಪ್ಪಿಯನ್ನೂ ಮಾಡಿದರು. ಪರ್ಲ್ ಕನ್ನಡಿ ಮುಂದೆ ಗಿರಗಿರ ತಿರುಗಿದಳು.

ಹ್ಯಾಲೊವೀನ್ ದಿನ, ಎದುರು ಮನೆಯವರಿಗೆ ಇದೆಲ್ಲ ಇಲ್ಲ, ಆ ಬೆಲ್ ಒತ್ತಬೇಡ ಎಂದು ಲೊರೈನ್ ಮಗಳಿಗೆ ಹೇಳಿಯೇ ಡ್ಯೂಟಿಗೆ ಹೋಗಿದ್ದಳು. ಬೆನೆಡಿಕ್ಟಾ ಬಾಯಿ ಅದನ್ನೇ ನಂಬಿಕೊಂಡಿದ್ದರು. ಆದರೆ ಗುಂಪಿನಲ್ಲಿ ಹೊರಟ ಮಕ್ಕಳಿಗೆ ಯಾವ ಬಾಗಿಲಾದರೇನು? ಹಿಂದಿನಿಂದ ಇವರು ಓಡಿ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು. ಮೈಮುನಾ ಎಲ್ಲಿಗೋ ಹೊರಟವಳು, ಅಬಾಯಾ ತೊಟ್ಟು ನಿಂತಿದ್ದಳು. ಪಕ್ಕದಲ್ಲಿ ಅವಳ ಪುಟ್ಟ ಮಗಳು ಅಫ್ರಾ.

"ಐ ಆ್ಯಮ್ ಎ ವಿಚ್, ಆಂಟಿ," ಎಂದಳು ಪರ್ಲ್.

ಮೈಮುನಾಳ ಕಣ್ಣು ಮೊದಲು ತೋಳಿನ ಹೊಲಿಗೆಗೆ ಹೋಯಿತು. ತಾನೇ ಹಾಕಿದ ಹೊಲಿಗೆ. ಆಮೇಲೆ ಬೆನೆಡಿಕ್ಟಾ ಬಾಯಿಯ ಕಡೆಗೆ. ಅಫ್ರಾ ಪರ್ಲ್‌ಳನ್ನು ನೋಡಿದಳು, ಕತ್ತೆತ್ತಿ ತಾಯಿಯನ್ನು ನೋಡಿದಳು.

"ಉಮ್ಮಾ, ಸೇಮ್," ಎಂದಳು.

ಮೈಮುನಾ ಒಳಗಿಂದ ಚಾಕಲೇಟು ತಂದು ಎಲ್ಲ ಮಕ್ಕಳ ಚೀಲಕ್ಕೂ ಹಾಕಿದಳು. ಪರ್ಲ್‌ಗೆ ಒಂದೂ ಕಡಿಮೆ ಮಾಡಲಿಲ್ಲ. ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡಳು. ಬಡಿದು ಹಾಕಿಕೊಂಡಿದ್ದರೆ ಒಳ್ಳೆಯದಿತ್ತು ಅನಿಸಿತು ಬೆನೆಡಿಕ್ಟಾ ಬಾಯಿಗೆ.

ಮರುದಿನ ಚಾಕ್ಕೆ ಕರೆ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಫ್ಲ್ಯಾಟಿನೊಳಗೆ ಎಸಿಯ ಸದ್ದು ಕೇಳಿ ಕೇಳಿ ಸಾಕಾಗಿ, ಮಕ್ಕಳಿಗೆ ರಜೆಯಿದ್ದ ದಿನ ಅವರೇ ಹೋಗಿ ಬೆಲ್ ಒತ್ತಿದರು. ಮಕ್ಕಳಾಟಿಕೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದೆಲ್ಲ ಹೇಳಲು ಮಾತು ಜೋಡಿಸಿಕೊಂಡಿದ್ದರು. ಮೈಮುನಾ ಬನ್ನಿ ಎಂದಳು, ಕೂತುಕೊಳ್ಳಿ ಎನ್ನಲಿಲ್ಲ. ಜೋಡಿಸಿದ್ದೆಲ್ಲ ಚೆದುರಿಹೋಯಿತು. ತಪ್ಪಾಯಿತು ಎಂದಷ್ಟೇ ಹೇಳಿದರು.

"ವೇಷಕ್ಕೆ ಅಂತ ಹೇಳಿದ್ರೆ ನಾನೇ ಬೇರೆ ಕರಿ ಬಟ್ಟೆ ಹುಡುಕಿ ಕೊಡ್ತಿದ್ದೆ ಬಾಯಮ್ಮ. ನೀವು ಹಾಕ್ತೀರೀಂತ ನಾನು ಊರಿಗೆ ಫೋನ್ ಮಾಡಿ ಉಮ್ಮನ ಹತ್ರ ಸಹ ಹೇಳಿ ಆಗಿದೆ." ಮೈಮುನಾ ಸ್ವರ ಏರಿಸಲಿಲ್ಲ. "ನನ್ನದು ಬಿಡಿ. ಇವಳು ಕೇಳಿದ್ದಕ್ಕೆ ನನಗೆ ಜವಾಬು ಬರ್ಲಿಲ್ಲ. ನೀವೇ ಹೇಳಿ."

ಮಗಳನ್ನು ಕರೆದು ಎದುರು ನಿಲ್ಲಿಸಿ, ಅವಳು ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಅಫ್ರಾ ಅರ್ಧ ಇಂಗ್ಲಿಷಿನಲ್ಲಿ, ಉಮ್ಮ ಹಾಕುವುದು ಮಾಟಗಾತಿಯ ಬಟ್ಟೆಯೋ ಎಂದು ಕೇಳಿದಳು. ಬೆನೆಡಿಕ್ಟಾ ಬಾಯಿ ಗಂಟು ನೋವಿನ ಮೊಣಕಾಲು ಮಡಚಿ ಮಗುವಿನ ಎತ್ತರಕ್ಕೆ ನೆಲದ ಮೇಲೆ ಕೂತರು. ಅಲ್ಲ, ಅದು ಉಮ್ಮನಂಥವರು ಮರ್ಯಾದೆಯಿಂದ ಹಾಕುವ ಬಟ್ಟೆ, ಅದನ್ನು ಕತ್ತರಿಸಿ ಮಾಟಗಾತಿಯದ್ದು ಮಾಡಿದವಳು ನಾನು ಎಂದರು. ಯಾಕೆ ಎಂದಿತು ಮಗು. ಕರಿ ಇತ್ತು, ಕಡಿಮೆಗೆ ಸಿಕ್ಕಿತು, ಅಷ್ಟೇ ನೋಡಿದೆ ಎಂದರು ಇವರು.

"ಉಮ್ಮನಿಗೆ ಬೇಜಾರಾಗ್ತದೆ ಅಂತ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ ಎಂದರೆ ಮುಗಿಯುತ್ತಿತ್ತು. ಹಳ್ಳಿಯ ಮುದುಕಿ, ಪಾಪ, ಎಂದು ಮೈಮುನಾಳೂ ನಂಬಬಹುದಿತ್ತು. ಅಡಿಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತ್ತು.

"ಗೊತ್ತಿತ್ತು ಮಗಾ," ಎಂದರು ಬೆನೆಡಿಕ್ಟಾ ಬಾಯಿ. "ಅದಕ್ಕೇ ಹೇಳ್ಲಿಲ್ಲ."

ಮಗು ಟಿವಿಯ ಕಡೆ ಹೋಯಿತು. ನಲ್ಲಿ ಮತ್ತೆ ತಿರುಗಿತು. ಪಾತ್ರೆ ತೊಳೆಯುವ ಸದ್ದು ಕೇಳುತ್ತ ಬೆನೆಡಿಕ್ಟಾ ಬಾಯಿ ನೆಲದಲ್ಲೇ ಕೂತಿದ್ದರು. ಏಳಿ ಎಂದೂ ಯಾರೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ.