ತಂತಿಗೆ ಹತ್ತಿದ ಎಣ್ಣೆ

ಗಂಡ ತೀರಿಕೊಂಡ ಏಳು ತಿಂಗಳ ಮೇಲೆ ದರ್ಜಿಯವಳು ಕಾರಿನ ಬಾನೆಟ್ ಎತ್ತಿದಳು. ಸಂಜೆ ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಬೇಕಿತ್ತು. ಬ್ಯಾಟರಿಗೆ ಚಾರ್ಜ್ ಹಾಕಿಸಿದ್ದಾಯಿತು, ಆದರೂ ಈ ಪುಣ್ಯಾತ್ಮ ಗಾಡಿ ಸ್ಟಾರ್ಟ್ ಆದ ಕೂಡಲೇ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಅವತ್ತೂ ಹೀಗೇ ನಿಂತಿತ್ತು, ಸೇತುವೆಯ ನಡುವೆ, ಮೂರು ಸಲ. ಪಕ್ಕದ ಸೀಟಿನಲ್ಲಿ ಗಂಡ ಎದೆ ಹಿಡಿದುಕೊಂಡು ಕೂತಿದ್ದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಓಡಿಸೋಕೆ ಬರದವಳ ಕೈಗೆ ನನ್ನ ಮಗ ಸಿಕ್ಕಿಬಿಟ್ಟ" ಎಂದು ಅತ್ತೆ ಒಂದೇ ಒಂದು ಸಲ ಅಂದಿದ್ದರು. ಅದೇ ಸಾಕಾಗಿತ್ತು. ಅವಸರದಲ್ಲಿ ಕ್ಲಚ್ ಬಿಟ್ಟವಳು ತಾನೇ ಎಂದು ಅವಳೂ ನಂಬಿದ್ದಳು.

ಗ್ಯಾರೇಜಿನಲ್ಲೇ ತಲೆ ನರೆಸಿಕೊಂಡ ಅಣ್ಣ ವಿಡಿಯೋ ಕಾಲಿನಲ್ಲಿ ಹೇಳಿಕೊಡುತ್ತಿದ್ದ. "ಮೊದಲು ಬ್ಯಾಟರಿ ವೈರ್ ಬಿಚ್ಚು. ಗಾಳಿ ಸೋಸೋ ಫಿಲ್ಟರ್ ಡಬ್ಬಿ ಪಕ್ಕ ದಪ್ಪ ಪೈಪ್ ಇದೆಯಲ್ಲ, ಅದರ ಮೇಲೆ ಕೂತಿರೋದೇ ಗಾಳಿ ಅಳೆಯೋ ಸೆನ್ಸರ್. ಎರಡೇ ಸ್ಕ್ರೂ."

ದಿನವಿಡೀ ಗುಂಡಿ ಹೊಲಿಯುವ ಬೆರಳಿಗೆ ಎರಡು ಸ್ಕ್ರೂ ಯಾವ ಲೆಕ್ಕ. ಸೆನ್ಸರಿನೊಳಗೆ ನೂಲಿಗಿಂತ ತೆಳುವಾದ ತಂತಿ, ಅದರ ಮೈಯೆಲ್ಲ ಜಿಡ್ಡು. ಅವಳ ಕೈ ತಾನಾಗಿ ಬಟ್ಟೆ ಚೂರಿನತ್ತ ಹೋಯಿತು.

"ಒರೆಸಬೇಡ ಕಣೇ, ಮುರಿಯುತ್ತೆ. ಜಿಡ್ಡು ತೆಗೆಯೋ ಸ್ಪ್ರೇ ಹೊಡೆದು ಹಾಗೇ ಒಣಗೋಕೆ ಬಿಡು. ಎಲ್ಲಿ, ಫಿಲ್ಟರ್ ತೋರಿಸು."

ತೋರಿಸಿದಳು. ಅಣ್ಣ ಮುಖವನ್ನು ಪರದೆಯ ಹತ್ತಿರಕ್ಕೆ ತಂದ. "ಧೂಳು ಹಿಡಿಯೋಕೆ ಇದಕ್ಕೆ ಎಣ್ಣೆ ತೆಳ್ಳಗೆ ಸವರಿದ್ರೆ ಸಾಕು. ಇದು ಎಣ್ಣೆಯಲ್ಲೇ ಮುಳುಗಿದೆ. ಅದು ತಂತಿಗೆ ಹತ್ತಿದ್ರೆ ಗಾಳಿ ಲೆಕ್ಕ ತಪ್ಪಿ, ಯಾರು ಓಡಿಸಿದ್ರೂ ಗಾಡಿ ನಿಲ್ಲುತ್ತೆ. ನಿನ್ನ ತಪ್ಪಲ್ಲ ಕಣೇ. ಅತ್ತೆಗೆ ಹೇಳು."

ಅದು ಯಾರ ಕೈಯ ಎಣ್ಣೆ ಎಂದು ಕೇಳಬೇಕಿರಲಿಲ್ಲ. ಬಾಗಿಲಾಗಲಿ, ಕತ್ತರಿಯಾಗಲಿ, ಹೊಲಿಗೆ ಯಂತ್ರವಾಗಲಿ, ಕಿರ್ ಎಂದರೆ ಎಣ್ಣೆ ಡಬ್ಬಿ ಹಿಡಿದು ಓಡಿ ಬರುತ್ತಿದ್ದ ಮನುಷ್ಯ. "ಎಣ್ಣೆಗೆ ಜಿಪುಣತನ ಮಾಡಬಾರದು" ಎನ್ನುತ್ತಿದ್ದ. ಮಾರನೆಯ ದಿನ ಹೊಲಿದ ಮೊದಲ ಬಟ್ಟೆಗೆ ಕಲೆ ಗ್ಯಾರಂಟಿ. ಅವಳು ಬೈಯುತ್ತಿದ್ದಳು, ಅವನು ನಗುತ್ತಿದ್ದ. ಕೊನೆಯ ಭಾನುವಾರ ಫಿಲ್ಟರಿಗೂ ಅದೇ ಅಕ್ಕರೆಯಿಂದ ಸುರಿದಿದ್ದ. ಮೂರು ದಿನಕ್ಕೆ ಗಾಡಿ ಸೇತುವೆಯ ಮೇಲೆ ನಿಂತಿತು.

ಸ್ಪ್ರೇ ಒತ್ತಿದಳು. ಅವನು ಹಾಕಿದ ಎಣ್ಣೆ ಕಂದು ನೀರಾಗಿ ತೊಟ್ಟಿಕ್ಕಿತು. ಅಳು ಉಕ್ಕಿ ಬಂತು. ಹಾಳಾದ್ದು, ತಂತಿಯನ್ನೂ ಒರೆಸುವ ಹಾಗಿಲ್ಲ, ಜಿಡ್ಡುಗೈಯಲ್ಲಿ ಕಣ್ಣನ್ನೂ ಒರೆಸುವ ಹಾಗಿಲ್ಲ. ಫಿಲ್ಟರನ್ನು ತೊಳೆದು ಬಿಸಿಲಿಗಿಟ್ಟಳು.

ಸಂಜೆ ಎಲ್ಲ ಜೋಡಿಸಿ ಕೀಲಿ ತಿರುಗಿಸಿದರೆ ಎಂಜಿನ್ ಒಂದೇ ಸಮನೆ ಓಡತೊಡಗಿತು. ಅತ್ತೆ ಗೋಡೆ ಹಿಡಿದು ಬಂದರು.

"ಏನಾಗಿತ್ತು ಇದಕ್ಕೆ?"

ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿಬಿಟ್ಟರೆ ಏಳು ತಿಂಗಳ ಭಾರ ಇಳಿಯುತ್ತಿತ್ತು. ಆದರೆ ಅದು ಹೋಗಿ ಈ ಮುದುಕಿಯ ಎದೆಯ ಮೇಲೆ ಕೂರುತ್ತಿತ್ತು.

"ಧೂಳು, ಅತ್ತೆ. ಇಷ್ಟು ದಿನ ನಿಂತಿತ್ತಲ್ಲ."

"ಅದೇ ಅಂದ್ಕೊಂಡೆ. ನನ್ನ ಮಗ ಎಣ್ಣೆ ಹಾಕಿ ಸಾಕಿದ ಗಾಡಿ. ಇದರಲ್ಲಿ ದೋಷ ಇರೋಕೆ ಸಾಧ್ಯವಾ?"

"ಇಲ್ಲ ಅತ್ತೆ. ಅವತ್ತು ದೋಷ ನನ್ನ ಕಾಲಿಂದೇ."

ಅತ್ತೆ ಪಕ್ಕದ ಸೀಟನ್ನು ಖಾಲಿ ಬಿಟ್ಟು, ಹಿಂದಿನ ಬಾಗಿಲು ತೆಗೆದು ಕೂತರು. ಅವಳು ಮೆಲ್ಲಗೆ ಕ್ಲಚ್ ಬಿಟ್ಟಳು.

ಸೇತುವೆಯ ಮೇಲೂ ಗಾಡಿ ನಿಲ್ಲಲಿಲ್ಲ.