ಬ್ಯಾಟರಿಗೆ ಜಾಗ
ಲಾರಿಯ ಹಳೆಯ ಇಂಜಿನ್ ಕೈಕೊಟ್ಟಿತ್ತು. ಅದರ ಬದಲಿಗೆ ತಂದ ದೊಡ್ಡ ಇಂಜಿನ್ ಕೂರಬೇಕಾದರೆ ಬ್ಯಾಟರಿ ಜಾಗ ಬಿಡಬೇಕಿತ್ತು. ಲಾರಿ ಡ್ರೈವರನ ಮಗಳೇ ಮೆಕ್ಯಾನಿಕ್; ಅದಕ್ಕೆ ಬೇರೆ ಜಾಗ ಸುತ್ತೆಲ್ಲ ಹುಡುಕಿ ಸೋತಳು.

"ಅಪ್ಪಾ, ಉಳಿದಿರೋದು ಸೀಟಿನ ಹಿಂದಿನ ಹಲಗೆ ಒಂದೇ."

ಹೆಂಡತಿ ಸತ್ತು, ಬಾಡಿಗೆ ಮನೆ ಬಿಟ್ಟ ಮೇಲೆ ಅವನು ಮಲಗುತ್ತಿದ್ದದ್ದು ಆ ಹಲಗೆಯ ಮೇಲೆಯೇ.

"ಬ್ಯಾಟರಿ ಪಕ್ಕದಲ್ಲೇ ಮುದುಡ್ಕೊಂಡು ಮಲಗ್ತೀನಮ್ಮಾ."

"ಅದರ ಗ್ಯಾಸ್ ಕುಡಿದು ಸಾಯ್ತೀಯಾ? ನಮ್ಮನೆಗೆ ಬಾ."

"ನಿಮ್ಮತ್ತೆ ಕೈಲಿ ದಿನಾ ಅನ್ನಿಸ್ಕೊಂಡು ಹೇಗಿರ್ಲಿ?"

ಲಾರಿ ಓಡದಿದ್ದರೆ ಹಲಗೆಯೂ ಗುಜರಿಯ ಪಾಲೇ. ಕೊನೆಗೆ ಅವನೇ ಹಾಸಿಗೆ ಸುತ್ತಿ ಕೆಳಗಿಳಿದ.

"ಹಲಗೆ ಕೊರಿಯಮ್ಮಾ," ಎಂದು ಶೆಡ್ಡಿನ ಗೋಡೆಯತ್ತ ತಿರುಗಿದ.

ಸಂಜೆ ಇಂಜಿನ್ ಮೊದಲ ಸಲಕ್ಕೇ ಗುಡುಗಿತು. ಹಾಸಿಗೆಯ ಸುರುಳಿ ಇನ್ನೂ ಅವನ ತೋಳಲ್ಲೇ ಇತ್ತು. ಎಲ್ಲಿಡಬೇಕೆಂದು ಅವನಿಗೆ ತೋಚಲಿಲ್ಲ.